ಹವಾ ಪುಕ್ಕಟೆ, ಮಾಹಿತಿ ದುಬಾರಿ

ಮೊನ್ನೆ ಕುಷ್ಟಗಿಗೆ ಹೋದಾಗ ಕಾಕಾನ ಮನೆ ಮುಂದೆ ಗಾಡಿ ಕಾಣಲಿಲ್ಲ. ಯಾವಾಗಲೂ ಬೇವಿನ ಮರದ ಕೆಳಗೆ ನಿಂತಿರುತ್ತಿದ್ದ ಬಿಳಿ ಡೀಸೆಲ್ ಕಾರು ಅದು. ಕೊಪ್ಪಳದ ದೊಡ್ಡಾಸ್ಪತ್ರೆಗೆ, ಗಂಗಾವತಿ ಕಡೆ ಅಂಜನಾದ್ರಿಗೆ, ಯಲಬುರ್ಗಾದ ಮದುವೆಗಳಿಗೆ ಬಾಡಿಗೆ ಹೊಡೆದೇ ಆತ ಇಬ್ಬರು ಮಕ್ಕಳನ್ನು ಓದಿಸಿದ್ದು.

"ಗಾಡಿ ಎಲ್ಲೈತಿ ಕಾಕಾ?"

"ಗ್ಯಾರೇಜಿನ್ಯಾಗ ಮಲಕ್ಕೊಂಡೈತೋ ತಮ್ಮಾ. ಎಂಜಿನ್ ಹೋತು."

26,000 ಕಿಲೋಮೀಟರ್ ಎಂಜಿನ್ ಆಯಿಲ್ ಬದಲಿಸಿರಲಿಲ್ಲ. ಯಾಕೆ ಅಂದ್ರೆ, ಡೀಸೆಲ್ ರೇಟು ಏರಿತ್ತು, ಎಲ್ಲಾದರೂ ಒಂದು ಕಡೆ ಉಳಿಸಬೇಕಿತ್ತು. "ಆಯಿಲ್ ಕಡಿಮಿ ಆದಾಗ ಮ್ಯಾಲೆ ಒಂದೀಟು ಹಾಕಿದ್ರ ಆತು, ಪೂರ್ತಿ ಬದ್ಲಿ ಮಾಡೂದೇನೂ ಬ್ಯಾಡ" ಅಂತ ಯಾರೋ ಹೇಳಿದ್ದರಂತೆ. ಹೀಗೆ ಉಳಿದದ್ದು ಎರಡು ಸಲದ ಆಯಿಲ್ ದುಡ್ಡು, ಅಂದಾಜು 8,000 ರೂಪಾಯಿ. ಎಂಜಿನ್ ಕೆಲಸಕ್ಕೆ ಬಿದ್ದದ್ದು 85,000. ಚಿಗವ್ವ ಚಹಾ ತಂದು ಕೊಟ್ಟಾಗ ಕೊರಳಲ್ಲಿ ಬೋರಮಾಳ ಇರಲಿಲ್ಲ. ನಾನು ಕೇಳಲಿಲ್ಲ.

ಸಂಜೆ ಗ್ಯಾರೇಜಿಗೆ ಹೋಗಿ ಡ್ಯಾಶ್‌ಬೋರ್ಡಿನ ಡಬ್ಬಿ ತೆಗೆದು ನೋಡಿದೆ. ಗಾಡಿ ಜೊತೆ ಕೊಟ್ಟ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇತ್ತು. 200ಕ್ಕೂ ಹೆಚ್ಚು ಪುಟ. ಎಲ್ಲಾ ಇಂಗ್ಲಿಷ್! ಕೊನೆಯಲ್ಲಿ ಒಂದು ಕೋಷ್ಟಕ: ಆಯಿಲ್ 10,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ. ಅದರ ಕೆಳಗೇ ಇನ್ನೊಂದು: ಧೂಳಿನ ರಸ್ತೆ, ವಿಪರೀತ ಬಿಸಿಲು, ತುಂಬಿದ ಗಾಡಿ ಇದ್ದರೆ ಅದರ ಅರ್ಧಕ್ಕೇ ಬದಲಿಸಿ. ಧೂಳು, ಬಿಸಿಲು, ತುಂಬಿದ ಗಾಡಿ.. ಇದು ನಮ್ಮ ಜಿಲ್ಲೆಯ ವರ್ಣನೆ ಅಲ್ಲವೇ? ಕಾಕಾನಿಗಾಗಿಯೇ ಬರೆದಂತಿದ್ದ ಆ ನಾಲ್ಕು ಸಾಲು ಕಾಕಾನಿಗೆ ಓದಲು ಬಾರದ ಭಾಷೆಯಲ್ಲಿತ್ತು.

ಈ ಬರಹ ಆ ನಾಲ್ಕು ಸಾಲಿನ ಬಗ್ಗೆ.

ಇಂಧನ ಉಳಿಸೋದು ಹೇಗೆ ಅಂತ ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ. ಬೆಳಗಿನ ಜಾವ ಪೆಟ್ರೋಲ್ ಹಾಕಿಸಿದರೆ ಜಾಸ್ತಿ ಬರುತ್ತೆ. 100 ರೂಪಾಯಿಗೆ ಹಾಕಿಸಬಾರದು, 110ಕ್ಕೆ ಹಾಕಿಸಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಕು. ಪೈಪಿಗೆ ಅಯಸ್ಕಾಂತ ಕಟ್ಟಿದರೆ ಮೈಲೇಜ್ ಏರುತ್ತೆ. ಬೇಸಿಗೆಯಲ್ಲಿ ಟೈರಿಗೆ ಹವಾ ಕಡಿಮೆ ಇಡಬೇಕು, ಇಲ್ಲಾಂದ್ರೆ ಒಡೆಯುತ್ತೆ. ಇವೆಲ್ಲಾ ಎಷ್ಟು ಅಚ್ಚುಕಟ್ಟಾಗಿ, ಎಷ್ಟು ಒಳ್ಳೇ ಕನ್ನಡದಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ ನೋಡಿ. ಸುಳ್ಳೆಲ್ಲಾ ಕನ್ನಡದಲ್ಲಿ, ನಿಜ ಎಲ್ಲಾ ಇಂಗ್ಲಿಷಿನಲ್ಲಿ. ಜನ ಯಾವುದನ್ನು ನಂಬಬೇಕು ಹೇಳಿ?

ಒಂದೊಂದಾಗಿ ನೋಡೋಣ. ಪೆಟ್ರೋಲ್ ಒಂದು ಡಿಗ್ರಿ ಬಿಸಿ ಏರಿದರೆ ಹಿಗ್ಗುವುದು ಸುಮಾರು ಶೇಕಡ 0.1. ಬಂಕಿನ ಟ್ಯಾಂಕು ಇರುವುದು ನೆಲದೊಳಗೆ, ಅಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅಂಥ ವ್ಯತ್ಯಾಸವೇ ಆಗೋದಿಲ್ಲ. 110 ರೂಪಾಯಿ ಲೆಕ್ಕಕ್ಕೂ ಅರ್ಥವಿಲ್ಲ. ಅಳತೆಯ ಮೇಲೆ ಅನುಮಾನ ಬಂದರೆ ಪ್ರತಿ ಬಂಕಿನಲ್ಲೂ ಸರ್ಕಾರದ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆ ಇರಲೇಬೇಕು, ಅದರಲ್ಲಿ ಅಳೆದು ತೋರಿಸಿ ಅಂತ ಕೇಳುವುದು ನಮ್ಮ ಹಕ್ಕು. 5 ಲೀಟರಿಗೆ 25 ಮಿಲಿ ಲೀಟರಿಗಿಂತ ಹೆಚ್ಚು ವ್ಯತ್ಯಾಸ ಬರುವಂತಿಲ್ಲ. ಈ ಹಕ್ಕಿನ ಫಾರ್ವರ್ಡ್ ಮಾತ್ರ ಯಾಕೆ ಯಾರಿಗೂ ಬರೋದಿಲ್ಲವೋ! ಇನ್ನು ಅಯಸ್ಕಾಂತ. ಅಮೆರಿಕದ ಪರಿಸರ ಸಂಸ್ಥೆ ಇಂಥ ಮೈಲೇಜ್ ಸಾಧನಗಳನ್ನು 100ಕ್ಕೂ ಹೆಚ್ಚು ಪರೀಕ್ಷೆ ಮಾಡಿದೆ. ಹೆಚ್ಚಿನವುಗಳಿಂದ ನಯಾಪೈಸೆ ಲಾಭ ಇಲ್ಲ.

ನ್ಯೂಟ್ರಲ್ ವಿಷಯ ಸ್ವಲ್ಪ ಬೇರೆ. ಕಾರ್ಬೊರೇಟರ್ ಕಾಲದಲ್ಲಿ ಆ ಮಾತಿಗೆ ಏನೋ ಅರ್ಥ ಇತ್ತು. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಗಾಲಿಯೇ ಎಂಜಿನ್ನನ್ನು ತಿರುಗಿಸುತ್ತೆ, ಒಳಗಿನ ಕಂಪ್ಯೂಟರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಇಡಲು ಮತ್ತೆ ಇಂಧನ ಸುರಿಯಬೇಕು. ಅಂದರೆ ಉಳಿಸಲು ಹೋಗಿ ಸುಟ್ಟ ಹಾಗೆ. ಜೊತೆಗೆ ಎಂಜಿನ್ನಿನ ಹಿಡಿತ ತಪ್ಪಿ ಎಲ್ಲಾ ಭಾರ ಬ್ರೇಕಿನ ಮೇಲೆ.

ಎಲ್ಲಕ್ಕಿಂತ ಅಪಾಯದ್ದು ಹವಾ ಕಡಿಮೆ ಇಡುವ ಮಾತು. ಟೈರು ಒಡೆಯುವುದು ಹೆಚ್ಚಾಗಿ ಹವಾ ಕಡಿಮೆ ಇದ್ದಾಗ. ಸಡಿಲ ಟೈರು ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ತಾನೇ ಕಾಯುತ್ತೆ. 40 ಡಿಗ್ರಿ ಬಿಸಿಲು, ಐದಾರು ಮಂದಿ, ಮೇಲೆ ಮದುವೆ ಸಾಮಾನು, ಹೊಸಪೇಟೆ-ಇಳಕಲ್ ಹೆದ್ದಾರಿಯಲ್ಲಿ 100ರ ವೇಗ.. ಮುಂದಿನದು ನೀವೇ ಊಹಿಸಿ. ಕಾಕಾನ ಟೈರುಗಳಲ್ಲಿ 33 ಪಿಎಸ್‌ಐ ಇರಬೇಕಾದ ಕಡೆ 25 ಇತ್ತು. ಪ್ರತಿ ಪಿಎಸ್‌ಐ ಕಡಿಮೆಗೆ ಮೈಲೇಜ್ ಸುಮಾರು ಶೇಕಡ 0.2 ಇಳಿಯುತ್ತೆ ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತೆ. ಕಾಕಾನ ಲೆಕ್ಕಕ್ಕೆ ತಿಂಗಳಿಗೆ ಒಂದೂಕಾಲು ಲೀಟರ್ ಡೀಸೆಲ್. ದೊಡ್ಡ ಮೊತ್ತ ಅಲ್ಲ, ಒಪ್ಪಿದೆ. ಆದರೆ ಟೈರು ಬೇಗ ಸವೆಯುವ ಲೆಕ್ಕ, ಜೀವದ ಲೆಕ್ಕ ಬೇರೆ ಇದೆಯಲ್ಲ? ಅದೂ ಬಂಕಿನಲ್ಲಿ ಹವಾ ಪುಕ್ಕಟೆ ಸಿಗುವಾಗ!

2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಏರಿಸಿ ಪೆಟ್ರೋಲ್ ಲೀಟರಿಗೆ 3 ರೂಪಾಯಿ ಹೆಚ್ಚಾದಾಗ ಬೈಯ್ಯದವರಿಲ್ಲ. ಎಥನಾಲ್ ಬೆರೆಸಿದ್ದಕ್ಕೂ ಬೈದೆವು. ಹಳೆಯ ಕಾರುಗಳಲ್ಲಿ 20% ಎಥನಾಲಿನಿಂದ ಮೈಲೇಜ್ ಶೇಕಡ 6-7 ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಬೈಯ್ಯಲೇಬೇಕು, ತಪ್ಪಿಲ್ಲ. ಆದರೆ ಆ ಶೇಕಡ 6-7 ನಮ್ಮ ಕೈಲಿಲ್ಲ. ವೇಗ ನಮ್ಮ ಕಾಲಲ್ಲೇ ಇದೆ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತೆ. ಎಥನಾಲ್ ತಿಂದದ್ದಕ್ಕಿಂತ ಹೆಚ್ಚನ್ನು ನಮ್ಮ ಬಲಗಾಲೇ ತಿನ್ನುತ್ತೆ.

ಏರ್ ಫಿಲ್ಟರ್ ಬಗ್ಗೆ ನಾನೂ ತಪ್ಪು ತಿಳಿದಿದ್ದೆ. ಫಿಲ್ಟರ್ ಕಟ್ಟಿದರೆ ಮೈಲೇಜ್ ಧಡಕ್ಕನೆ ಬೀಳುತ್ತೆ ಅಂದುಕೊಂಡಿದ್ದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ ಇಂಜೆಕ್ಷನ್ ಗಾಡಿಗಳ ಮೈಲೇಜ್ ಬಹುತೇಕ ಹಾಗೇ ಇತ್ತು, ಪಿಕಪ್ ಮಾತ್ರ ಬಿದ್ದಿತ್ತು. ಹಾಗಂತ ನಮ್ಮೂರಲ್ಲಿ ಫಿಲ್ಟರ್ ಮರೆಯುವಂತಿಲ್ಲ, ಅದು ಉಳಿಸೋದು ಎಂಜಿನ್ನನ್ನು. ಕುಷ್ಟಗಿ ಕಡೆಯ ಗ್ರಾನೈಟ್ ಧೂಳು, ಗಿಣಿಗೇರಿ ಕಡೆಯ ಕಾರ್ಖಾನೆಯ ಕರಿ ಧೂಳು. ಕಾಕಾನ ಫಿಲ್ಟರ್ ಕೊಡವಿದರೆ ಅಂಗೈ ತುಂಬಾ ಮಸಿ. ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಅಂತ 2025ರ ಫೆಬ್ರವರಿ 24ರಂದು ಕೊಪ್ಪಳ ಪೂರ್ತಿ ಬಂದ್ ಆದದ್ದು ಯಾಕೆ ಅಂತ ಕೇಳುವವರಿಗೆ ಆ ಫಿಲ್ಟರ್ ತೋರಿಸಬೇಕು. ಗಾಡಿಗಾದರೆ ಹೊಸ ಫಿಲ್ಟರ್ ಹಾಕಬಹುದು. ಮನುಷ್ಯರಿಗೆ?

ಈಗ ಎಂದಿನ ಎರಡು ಆಕ್ಷೇಪಗಳು ಬರುತ್ತವೆ, ಗೊತ್ತು.

ಒಂದು, "ಕನ್ನಡದಲ್ಲಿ ಕೊಟ್ಟರೂ ಯಾರು ಓದ್ತಾರೆ?" ನಮ್ಮ ಕಾಕಾ ಪೇಪರನ್ನು ಟೆಂಡರ್ ಪ್ರಕಟಣೆಯವರೆಗೂ ಬಿಡದೆ ಓದುವ ಮನುಷ್ಯ. ಗಂಗಾವತಿಯ ಭತ್ತದ ಗದ್ದೆಗೆ ಹೊಡೆಯುವ ಔಷಧಿ ಡಬ್ಬಿ ಬಿಚ್ಚಿ ನೋಡಿ, ಒಳಗೆ ಮಡಿಚಿಟ್ಟ ಕಾಗದ ಇರುತ್ತೆ. ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ 1971ರ ಕೀಟನಾಶಕ ನಿಯಮವೇ ಹೇಳುತ್ತೆ. ನೂರಿನ್ನೂರು ರೂಪಾಯಿ ಔಷಧಿಗೆ ಕನ್ನಡ ಬೇಕು, ಎಂಟು ಲಕ್ಷದ ಗಾಡಿಗೆ ಬೇಡವೇ?

ಎರಡು, "ತಾಂತ್ರಿಕ ಪದಗಳಿಗೆ ಕನ್ನಡ ಎಲ್ಲಿದೆ?" ಕುಷ್ಟಗಿ ಗ್ಯಾರೇಜಿನಲ್ಲಿದೆ! ಹವಾ, ಆಯಿಲ್, ಫಿಲ್ಟರ್, ಬೆಲ್ಟು, ಪಿಕಪ್. "ಗಾಡಿ ಹೊಗಿ ಉಗಳಾಕತ್ತೈತಿ" ಅಂದರೆ ಅಲ್ಲಿ ಎಲ್ಲರಿಗೂ ತಿಳಿಯುತ್ತೆ. ಅದನ್ನೇ ಬರೆಯಿರಿ. ದಯವಿಟ್ಟು "ವಾಯುಭರಿತ ಚಕ್ರಾವರಣದ ಒತ್ತಡ" ಅಂತ ಬರೆಯಬೇಡಿ, ಅದಕ್ಕಿಂತ ಇಂಗ್ಲಿಷೇ ವಾಸಿ :)

ಕಂಪನಿಗಳನ್ನು ಕೇಳೋಣ, ಷೋರೂಮಿನಲ್ಲಿ ಗಾಡಿ ತೆಗೆದುಕೊಳ್ಳುವಾಗಲೇ ಕನ್ನಡ ಪುಸ್ತಕ ಎಲ್ಲಿ ಅಂತ ಜೋರಾಗಿ ಕೇಳೋಣ. ಆದರೆ ಅಲ್ಲಿಯವರೆಗೆ? ಇಲ್ಲಿ ಬರೆಯುವ ನಮ್ಮಲ್ಲಿ ಎಂಜಿನಿಯರುಗಳಿಗೇನು ಬರವೇ? ನಾವು ಮಳೆ ಬಗ್ಗೆ ಬರೆದಿದ್ದೇವೆ, ಹಳೇ ಪ್ರೀತಿ ಬಗ್ಗೆ ಬರೆದಿದ್ದೇವೆ, ಕನ್ನಡ ಉಳಿಯುತ್ತಾ ಅಂತ ಪುಟಗಟ್ಟಲೆ ಜಗಳ ಆಡಿದ್ದೇವೆ. ಆಯಿಲ್ ಯಾವಾಗ ಬದಲಿಸಬೇಕು ಅಂತ ಮಾತ್ರ ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲೇ ಚರ್ಚಿಸಿ, ತಿಳಿದುಕೊಂಡು ಸುಮ್ಮನಾಗಿದ್ದೇವೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಆ 26,000 ಕಿಲೋಮೀಟರಿನಲ್ಲಿ ನಾಲ್ಕು ಸಲ ನಾನೇ ಆ ಗಾಡಿಯಲ್ಲಿ ಕೂತಿದ್ದೆ. ಮುಂದಿನ ಸೀಟಿನಲ್ಲಿ. ಡಬ್ಬಿ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಒಮ್ಮೆಯೂ ತೆಗೆಯಲಿಲ್ಲ.

ಹಾಗಾಗಿ ಆ ರಾತ್ರಿ ಕೂತು ಒಂದು ಪುಟ ಬರೆದೆ:

1. ಹವಾ 15 ದಿನಕ್ಕೊಮ್ಮೆ, ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿದ್ದಾಗ ನೋಡುವುದು. ಎಷ್ಟು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಪಟ್ಟಿಯಲ್ಲಿರುತ್ತೆ. ತುಂಬಿದ ಗಾಡಿಗೆ ಬೇರೆ ಸಂಖ್ಯೆ ಇದ್ದರೆ ಅದನ್ನೇ ಹಿಡಿಯುವುದು.
2. ಆಯಿಲ್ ಕಡ್ಡಿ ವಾರಕ್ಕೊಮ್ಮೆ ನೋಡುವುದು. ನಮ್ಮ ಧೂಳಿಗೆ ಬದಲಾವಣೆ 5,000ಕ್ಕೆ, ಜೊತೆಗೆ ಆಯಿಲ್ ಫಿಲ್ಟರ್. ಮೇಲೆ ಸುರಿದರೆ ಬದಲಿಸಿದಂತಲ್ಲ.
3. ಏರ್ ಫಿಲ್ಟರ್ ಪ್ರತಿ ಆಯಿಲಿಗೊಮ್ಮೆ ತೆಗೆದು ನೋಡುವುದು.
4. ಹೆದ್ದಾರಿಯಲ್ಲಿ 80. ಇಳಿಜಾರಿನಲ್ಲಿ ಗೇರಿನಲ್ಲೇ.
5. ಆಸ್ಪತ್ರೆ ಮುಂದೆ ಕಾಯುವಾಗ ಎಂಜಿನ್ ಬಂದ್.

ಗ್ಯಾರೇಜಿನವರು ಅದನ್ನು ಗೋಡೆಗೆ ಅಂಟಿಸಿದ್ದಾರೆ. ಕಾಕಾ ಎರಡು ಸಲ ಓದಿ, ಕನ್ನಡಕ ತೆಗೆದು ಕೇಳಿದ, "ಇಷ್ಟs ಇತ್ತೇನೋ ತಮ್ಮಾ ಆ ಪುಸ್ತಕದಾಗ? ಮದ್ಲs ಹೇಳಬಾರ್ದಿತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದ್ದರೆ ಹೇಳಿ. ಇಲ್ಲದಿದ್ದರೆ ನಿಮಗೆ ಗೊತ್ತಿರುವ ಯಂತ್ರ ಒಂದರ ಬಗ್ಗೆ, ಪಂಪ್‌ಸೆಟ್ಟೋ, ಬೈಕೋ, ಮಿಕ್ಸಿಯೋ, ಒಂದು ಪುಟ ಕನ್ನಡದಲ್ಲಿ ಬರೆಯಿರಿ. ನಾನು ಪ್ರಿಂಟ್ ತೆಗೆದು ಊರಿಗೆ ಒಯ್ಯುತ್ತೇನೆ.