ಆಜ್ಞೆ ಹೋಯಿತು, ಕೆಲಸ ಆಯಿತೇ?

ಟಿ.ವಿ.ಗೊಂದು ರಿಮೋಟ್, ಸೆಟ್‌ಟಾಪ್ ಬಾಕ್ಸಿಗೊಂದು, ಎ.ಸಿ.ಗೊಂದು, ಈಗೀಗ ಸೀಲಿಂಗ್ ಫ್ಯಾನಿಗೂ ಒಂದು. ಮನೆಯಲ್ಲಿ ರಿಮೋಟ್‌ಗಳು ಹೆಚ್ಚಿದಷ್ಟೂ ಅವನ್ನು ಹುಡುಕುವ ಕೆಲಸವೂ ಹೆಚ್ಚು! ಈ ತೊಂದರೆಗೆ ಪರಿಹಾರವಾಗಿ ಬಂದದ್ದು ಹಲವು ಉಪಕರಣಗಳನ್ನು ಒಂದರಿಂದಲೇ ನಡೆಸುವ 'ಯೂನಿವರ್ಸಲ್ ರಿಮೋಟ್'. ದೀಪ, ಫ್ಯಾನು, ಗೀಸರ್‌ಗಳನ್ನೂ ಅದರ ಕೈಗೆ ಕೊಡಬಹುದು. ಆದರೆ ಕೊಡುವ ಮೊದಲು ಒಂದು ಪ್ರಶ್ನೆ: ಹೇಳಿದ ಕೆಲಸ ಆಯಿತೋ ಇಲ್ಲವೋ ಎಂಬುದು ರಿಮೋಟಿಗೆ ತಿಳಿಯುತ್ತದೆಯೇ?

ರಿಮೋಟಿನ ಮೂತಿಯಲ್ಲಿ ಪುಟ್ಟದೊಂದು ಎಲ್.ಇ.ಡಿ. ಇರುತ್ತದೆ. ಅದು ಸೂಸುವುದು ಸುಮಾರು 940 ನ್ಯಾನೋಮೀಟರ್ ತರಂಗದೂರದ ಅವಕೆಂಪು ಕಿರಣ. ಬರಿಗಣ್ಣಿಗೆ ಅದು ಕಾಣದು. ಬಿಸಿಲಿನಲ್ಲೂ ಅವಕೆಂಪು ಕಿರಣಗಳಿವೆ. ಈ ಗದ್ದಲದ ನಡುವೆ ರಿಮೋಟಿನ ಮಾತು ಬೇರೆಯಾಗಿ ಕೇಳಿಸಬೇಕಲ್ಲ? ಅದಕ್ಕಾಗಿ ಕಿರಣವನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿನುಗಿಸಲಾಗುತ್ತದೆ. ಟಿ.ವಿ.ಯಲ್ಲಿರುವ ಗ್ರಾಹಕ ಈ ಮಿನುಗಿಗೆ ಮಾತ್ರ ಕಿವಿಗೊಡುತ್ತದೆ.

ಮಿನುಗು ಮತ್ತು ಮೌನ, ಇವೆರಡೇ ಇಲ್ಲಿನ ಅಕ್ಷರಗಳು. ಬಹಳ ಬಳಕೆಯಲ್ಲಿರುವ 'ಎನ್.ಇ.ಸಿ.' ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡು ಮಿನುಗು, 4.5 ಮಿಲಿಸೆಕೆಂಡು ಮೌನ. ಆಮೇಲೆ 32 ಬಿಟ್‌ಗಳು. 8 ಬಿಟ್ ಉಪಕರಣದ ವಿಳಾಸಕ್ಕೆ, 8 ಬಿಟ್ ಆಜ್ಞೆಗೆ. ಉಳಿದ 16 ಬಿಟ್‌ಗಳಲ್ಲಿ ಇವನ್ನೇ ತಿರುವಿ, ಅಂದರೆ ಸೊನ್ನೆಯಿದ್ದಲ್ಲಿ ಒಂದು, ಒಂದಿದ್ದಲ್ಲಿ ಸೊನ್ನೆ ಇಟ್ಟು, ಮತ್ತೆ ಹೇಳಲಾಗುತ್ತದೆ. ಎರಡೂ ತಾಳೆಯಾದರೆ ಮಾತ್ರ ಟಿ.ವಿ. ಆಜ್ಞೆಯನ್ನು ಪಾಲಿಸುತ್ತದೆ.

ಯೂನಿವರ್ಸಲ್ ರಿಮೋಟ್ ಇಂಥ ಹಲವು ಭಾಷೆಗಳನ್ನು ಬಲ್ಲ ದುಭಾಷಿ. ಕೆಲವು ರಿಮೋಟ್‌ಗಳಲ್ಲಿ ಬೇರೆ ಬೇರೆ ಕಂಪೆನಿಗಳ ಸಂಕೇತಗಳು ಮೊದಲೇ ತುಂಬಿರುತ್ತವೆ. ಇನ್ನು ಕೆಲವು, ಹಳೆಯ ರಿಮೋಟನ್ನು ಎದುರಿಗೆ ಹಿಡಿದು ಗುಂಡಿ ಒತ್ತಿದರೆ ಅದರ ಸಂಕೇತವನ್ನು ಕಲಿತುಕೊಳ್ಳುತ್ತವೆ. ಆಪಲ್ ಕಂಪೆನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವಾಝ್ನಿಯಾಕ್ 1987ರಲ್ಲಿ ಹೊರತಂದ 'ಕೋರ್' ಈ ಬಗೆಯದು.

ಅವಕೆಂಪು ಕಿರಣ ಗೋಡೆ ದಾಟದು. ಹಾಗಾದರೆ ಪಕ್ಕದ ಕೋಣೆಯ ದೀಪ? 1975ರಲ್ಲಿ ಸ್ಕಾಟ್ಲೆಂಡಿನ ಪೀಕೋ ಎಲೆಕ್ಟ್ರಾನಿಕ್ಸ್ ರೂಪಿಸಿದ 'ಎಕ್ಸ್-10' ಪದ್ಧತಿ ಮನೆಯ ವಿದ್ಯುತ್ ತಂತಿಯನ್ನೇ ಅಂಚೆಯವನನ್ನಾಗಿ ಮಾಡಿಕೊಂಡಿತು. 16 ಅಕ್ಷರ, 16 ಅಂಕಿಗಳಿಂದ 256 ವಿಳಾಸಗಳು. ಇದಕ್ಕೆ ಹೊಂದುವ ರಿಮೋಟ್ ರೇಡಿಯೋ ಅಲೆಯಲ್ಲಿ ಆಜ್ಞೆ ಕಳುಹಿಸುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಕೂತ ಪುಟ್ಟ ಪೆಟ್ಟಿಗೆ ಅದನ್ನು ಹಿಡಿದು ತಂತಿಗೆ ದಾಟಿಸುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸಾಮಾನ್ಯ ಅವಕೆಂಪು ರಿಮೋಟಿಗೆ ಬಾಯಿಯುಂಟು, ಕಿವಿಯಿಲ್ಲ. ಆಜ್ಞೆ ತಲುಪಿತೇ ಎಂದು ತಿಳಿಯುವ ದಾರಿಯೇ ಅದಕ್ಕಿಲ್ಲ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎ.ಸಿ. ರಿಮೋಟಿನ ಮೂತಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಗುಂಡಿ ಒತ್ತಿ ನೋಡಿ. ರಿಮೋಟಿನ ಪರದೆಯಲ್ಲಿ 24 ಡಿಗ್ರಿ ಎಂದು ಮೂಡುತ್ತದೆ, ಎ.ಸಿ. ಮಾತ್ರ ಸುಮ್ಮನಿರುತ್ತದೆ! ಪರದೆ ತೋರಿಸುವುದು ಕೊಟ್ಟ ಆಜ್ಞೆಯನ್ನು, ಆದ ಕೆಲಸವನ್ನಲ್ಲ.

ಇನ್ನೊಂದು ತೊಡಕಿದೆ. ಹಲವು ಉಪಕರಣಗಳಿಗೆ ಆನ್, ಆಫ್ ಎರಡಕ್ಕೂ ಒಂದೇ ಸಂಕೇತ. 'ಈಗಿನ ಸ್ಥಿತಿಯನ್ನು ಬದಲಿಸು' ಎಂದಷ್ಟೇ ಅದರ ಅರ್ಥ. 'ಎಲ್ಲವನ್ನೂ ಆರಿಸು' ಎಂಬ ಒಂದೇ ಗುಂಡಿಗೆ ಇಂಥ ಸಂಕೇತಗಳನ್ನು ಪೋಣಿಸಿಟ್ಟಿದ್ದೀರೆನ್ನಿ. ಕರೆಂಟು ಹೋಗಿ ಬಂದಾಗ ಫ್ಯಾನು ತಿರುಗತೊಡಗಿ, ಟಿ.ವಿ. ಆಫ್ ಆಗಿಯೇ ಉಳಿದಿದ್ದರೆ? ಗುಂಡಿ ಒತ್ತಿದೊಡನೆ ಫ್ಯಾನು ನಿಲ್ಲುತ್ತದೆ, ಟಿ.ವಿ. ಆನ್ ಆಗುತ್ತದೆ!

ಟಿ.ವಿ.ಯಾದರೆ ನಕ್ಕು ಸುಮ್ಮನಾಗಬಹುದು. ಗೀಸರ್, ಇಸ್ತ್ರಿಪೆಟ್ಟಿಗೆಗಳ ವಿಷಯದಲ್ಲಿ ಹಾಗಲ್ಲ. ಜಿಗ್‌ಬೀಯಂಥ ಈಚಿನ ಪದ್ಧತಿಗಳಲ್ಲಿ 'ತಲುಪಿತು' ಎಂಬ ಮಾರುತ್ತರ ಬರುತ್ತದೆ, ನಿಜ. ಆದರೆ ಅದೂ ಸ್ವಿಚ್ಚಿನ ಉತ್ತರವೇ. ಇಸ್ತ್ರಿಪೆಟ್ಟಿಗೆಯ ಕೆಳಗೆ ಬಟ್ಟೆ ಉಳಿದಿದೆಯೇ ಎಂಬುದು ಸ್ವಿಚ್ಚಿಗೇನು ಗೊತ್ತು?

ಆದ್ದರಿಂದ ಆನ್‌ಗೊಂದು, ಆಫ್‌ಗೊಂದು ಬೇರೆ ಬೇರೆ ಸಂಕೇತವಿರುವ ಉಪಕರಣಗಳನ್ನೇ ಆರಿಸಿಕೊಳ್ಳುವುದು ಜಾಣತನ. ಇಸ್ತ್ರಿಪೆಟ್ಟಿಗೆಯನ್ನು ರಿಮೋಟಿಗೆ ಒಪ್ಪಿಸುವುದೇ ಬೇಡ. ಊರಿಗೆ ಹೊರಡುವಾಗ ಗೀಸರಿನ ಗೋಡೆಯ ಸ್ವಿಚ್ಚನ್ನು ಕೈಯಿಂದಲೇ ಆರಿಸಬೇಕು. 'ಗೀಸರ್ ಆಫ್ ಮಾಡಿದೆಯಾ?' ಎಂದು ಅಮ್ಮ ಕೇಳಿದರೆ 'ಗುಂಡಿ ಒತ್ತಿದೆನಮ್ಮಾ' ಎಂಬುದು ಅರ್ಧ ಉತ್ತರ. 'ನೋಡಿ ಬಂದೆ' ಎಂದರೆ ಪೂರ್ತಿ ಉತ್ತರ.