ಸೈಕಲ್ ದುರಸ್ತಿ ಮನೆಯಲ್ಲೇ ಆಗಲಿ

ಮಹಾನವಮಿಯ ದಿನ ಬನ್ನಿಮಂಟಪದ ಕೈಗಾರಿಕಾ ಬಡಾವಣೆಯಲ್ಲಿ ಯಂತ್ರಗಳೊಡನೆ ಸೈಕಲ್ಲುಗಳಿಗೂ ಆಯುಧಪೂಜೆ ಸಲ್ಲುತ್ತದೆ. ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಡಲಾಗುತ್ತದೆ. ಮರುದಿನ ಜಂಬೂಸವಾರಿ ಅರಮನೆಯಿಂದ ಇದೇ ಬನ್ನಿಮಂಟಪದತ್ತ ಸಾಗಿ ಬರುತ್ತದೆ. ಹಬ್ಬ ಮುಗಿದ ಬಳಿಕ ಅನೇಕ ಸೈಕಲ್ಲುಗಳ ಚೈನಿಗೆ ಮತ್ತೆ ಎಣ್ಣೆ ಬೀಳುವುದು ಮುಂದಿನ ಮಹಾನವಮಿಗೇ. ಪೂಜೆಯಲ್ಲಿ ತೋರುವ ಶ್ರದ್ಧೆ ಪೋಷಣೆಯಲ್ಲಿ ಇಲ್ಲದಿರುವುದು ಸಣ್ಣ ಉದ್ದಿಮೆದಾರರ ದೃಷ್ಟಿಯಿಂದಲೂ ವಿಚಾರಾರ್ಹ ಸಂಗತಿಯಾಗಿದೆ.

ಸೈಕಲ್ ಇಂದು ಕೆಲವರಿಗೆ ವ್ಯಾಯಾಮದ ಸಾಧನ. ಆದರೆ ಕಾರ್ಖಾನೆಯ ಸಹಾಯಕನಿಗೆ, ಅಂಗಡಿಯ ಆಳಿಗೆ ಅದು ದುಡಿಮೆಯ ವಾಹನ. ಒಂದು ಉದಾಹರಣೆಯನ್ನು ಗಮನಿಸಬಹುದು. ಒಂದು ಘಟಕಕ್ಕೆ ಸೈಕಲ್ಲಿನಲ್ಲಿ ಬರುವ 10 ಕಾರ್ಮಿಕರಿದ್ದು, ಪ್ರತಿಯೊಬ್ಬರೂ ವರ್ಷಕ್ಕೆ 4 ಬಾರಿ, ಚಕ್ರದ ಗಾಳಿ ಹೋದ ಕಾರಣಕ್ಕೆ, ದುರಸ್ತಿ ಅಂಗಡಿ ತೆರೆಯುವವರೆಗೆ ಕಾದು 2 ಗಂಟೆ ತಡವಾಗಿ ಬಂದರೆಂದು ಭಾವಿಸಿದರೆ, ವರ್ಷಕ್ಕೆ 80 ಗಂಟೆ ನಷ್ಟ. ದಿನಕ್ಕೆ 8 ಗಂಟೆಯ ಲೆಕ್ಕದಲ್ಲಿ ಇದು 10 ಮಾನವದಿನಗಳು. ದಿನಗೂಲಿ 500 ರೂ. ಇದ್ದರೆ 5,000 ರೂ. ಈ ಮೊತ್ತವನ್ನು ಮಾಲೀಕ ಭರಿಸಿದರೂ, ಕಾರ್ಮಿಕ ಭರಿಸಿದರೂ ಅದು ಯಾವ ಖಾತೆಯಲ್ಲಿಯೂ ಕಾಣುವುದಿಲ್ಲ. ಪಂಕ್ಚರಿಗೆ ಕೊಟ್ಟ ಹಣ ನೆನಪಿರುತ್ತದೆ. ಕಳೆದ ಸಮಯಕ್ಕೆ ವೋಚರ್ ಇರುವುದಿಲ್ಲ.

ಈ ನಷ್ಟದ ಬಹುಭಾಗವನ್ನು ಮನೆಯಲ್ಲೇ ತಡೆಯಬಹುದು. ಗಾಳಿ ನಿಧಾನವಾಗಿ ಇಳಿಯುತ್ತಿದ್ದರೆ ಪ್ರತಿ ಸಲವೂ ಅದು ಪಂಕ್ಚರ್ ಎಂದು ತಿಳಿಯಬೇಕಾಗಿಲ್ಲ. ಹಳೆಯ ಮಾದರಿಯ ಸೈಕಲ್ಲಿನ ವಾಲ್ವಿನಲ್ಲಿರುವ ಸಣ್ಣ ರಬ್ಬರ್ ಕೊಳವೆ, ಅಂದರೆ ವಾಲ್ವ್ ಟ್ಯೂಬ್, ಬಿಸಿಲಿಗೆ ಒಡೆದಿರುವುದೂ ಉಂಟು. ಅದನ್ನು ಬದಲಿಸಲು ಐದು ನಿಮಿಷ ಸಾಕು.

ನಿಜವಾಗಿ ಪಂಕ್ಚರ್ ಆಗಿದ್ದರೆ, ಟೈರಿನ ಒಂದು ಅಂಚನ್ನು ಲಿವರಿನಿಂದ ಬಿಡಿಸಿ, ಟ್ಯೂಬನ್ನು ಹೊರತೆಗೆದು, ಗಾಳಿ ತುಂಬಿ ನೀರಿನಲ್ಲಿ ಅದ್ದಿದರೆ ಗುಳ್ಳೆಗಳು ಜಾಗ ತೋರಿಸುತ್ತವೆ. ಆ ಜಾಗವನ್ನು ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳುವಾಗಿ ಸವರಿ, ಅದು ಆರಿದ ಮೇಲೆ ಪ್ಯಾಚನ್ನು ಒತ್ತಬೇಕು. ಹಸಿಯಾಗಿರುವಾಗಲೇ ಅಂಟಿಸುವುದು ಹೊಸಬರು ಮಾಡುವ ಮೊದಲ ತಪ್ಪು. ಟೈರಿನ ಒಳಭಾಗವನ್ನು ತಡವಿ ಮುಳ್ಳನ್ನು ತೆಗೆಯದಿರುವುದು ಎರಡನೆಯದು. ಆ ಮುಳ್ಳು ಮರುದಿನವೇ ಅದೇ ಕೆಲಸ ಮಾಡುತ್ತದೆ.

ಚೈನಿನ ವಿಷಯದಲ್ಲಿ ಒಂದು ಸ್ಕೇಲ್ ಇದ್ದರೆ ಸಾಕು. ಪ್ರತಿ ಕೊಂಡಿಯ ಅಳತೆ ಅರ್ಧ ಇಂಚು. ಆದ್ದರಿಂದ 24 ಕೊಂಡಿಗಳು ಸರಿಯಾಗಿ 12 ಇಂಚು ಬರಬೇಕು. ಅದಕ್ಕಿಂತ ಇಂಚಿನ ಎಂಟನೇ ಒಂದು ಭಾಗ ಹೆಚ್ಚಾದರೆ ಚೈನು ಸವೆದಿದೆ ಎಂದರ್ಥ. ಆಗಲೇ ಬದಲಿಸದಿದ್ದರೆ ಅದು ಫ್ರೀವ್ಹೀಲಿನ ಹಲ್ಲುಗಳನ್ನೂ ತಿಂದು ಹಾಕುತ್ತದೆ. ಸಕಾಲದಲ್ಲಿ ವಸೂಲಿ ಮಾಡದ ಸಣ್ಣ ಬಾಕಿ ದೊಡ್ಡ ಸಾಲಗಾರನನ್ನು ಸೃಷ್ಟಿಸುವಂತೆಯೇ ಇದು. ಬ್ರೇಕಿನ ರಬ್ಬರ್ ರಿಮ್ಮಿಗೆ ತಾಗುತ್ತಿದೆಯೋ ಟೈರಿಗೆ ಉಜ್ಜುತ್ತಿದೆಯೋ ಎಂದು ನೋಡುವುದಕ್ಕೂ ವಿಶೇಷ ವಿದ್ಯೆ ಬೇಕಿಲ್ಲ.

ಹಾಗಾದರೆ ರಸ್ತೆಬದಿಯ ದುರಸ್ತಿಗಾರನ ಜೀವನೋಪಾಯದ ಗತಿಯೇನು? ಈ ಆಕ್ಷೇಪಣೆ ಸಹಜವಾದುದು, ಲಘುವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೆ ಚಕ್ರದ ಬೆಂಡ್ ತೆಗೆಯುವುದು, ಬೇರಿಂಗಿನ ಗುಂಡುಗಳನ್ನು ಬದಲಿಸುವುದು, ಪೆಡಲಿನ ಕ್ರ್ಯಾಂಕಿನ ಕಾಟರ್ ಪಿನ್ ಕಳಚುವುದು ಅನುಭವಿ ಕೈಗೇ ಸೇರಿದ ಕೆಲಸಗಳು. ಅರಿಯದವನು ಸ್ಪೋಕ್ ಕಡ್ಡಿಗಳನ್ನು ತಿರುಗಿಸಿದರೆ ಸರಿಯಿದ್ದ ಚಕ್ರವೂ ಸೊಟ್ಟಗಾಗುತ್ತದೆ. ದುರಸ್ತಿಗಾರನ ನಿಜವಾದ ಶತ್ರು ಮನೆಯಲ್ಲಿ ಪ್ಯಾಚ್ ಅಂಟಿಸುವ ಗ್ರಾಹಕನಲ್ಲ. ಗಾಳಿಯಿಲ್ಲದೆ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್. ಓಡುವ ಸೈಕಲ್ಲಿಗೆ ಟೈರು, ಟ್ಯೂಬು, ಚೈನು ಬೇಕಾಗುತ್ತವೆ; ನಿಂತ ಸೈಕಲ್ಲಿಗೆ ಏನೂ ಬೇಕಾಗುವುದಿಲ್ಲ. ಬಿಡಿಭಾಗಗಳ ವರ್ತಕರೂ ಇದನ್ನು ಮನಗಾಣಬೇಕು.

ಸೈಕಲ್ ದೊರಕಿಸಿಕೊಡುವಲ್ಲಿ ಸರ್ಕಾರದ ಪ್ರಯತ್ನಗಳು ನಡೆದಿವೆ. ಪ್ರೌಢಶಾಲಾ ಮಕ್ಕಳಿಗೆ ಉಚಿತ ಸೈಕಲ್ ನೀಡುವ ರಾಜ್ಯದ ಯೋಜನೆ 2006-07ರಲ್ಲಿ ಆರಂಭವಾಯಿತು. 2017ರ ಜೂನ್‌ನಲ್ಲಿ ಮೈಸೂರಿನ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ವ್ಯವಸ್ಥೆ 450 ಸೈಕಲ್ಲುಗಳೊಂದಿಗೆ ಪ್ರಾರಂಭಗೊಂಡಿತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಇವೆಲ್ಲವೂ ಸ್ವಾಗತಾರ್ಹ. ಆದರೆ ಸ್ವಂತ ಸೈಕಲ್ಲನ್ನು ಸುಸ್ಥಿತಿಯಲ್ಲಿಡುವ ತಿಳಿವಳಿಕೆಯನ್ನು ತೆರಿಗೆ ರಿಯಾಯಿತಿಯಿಂದ ಕೊಡಲಾಗದು.

ಆ ತಿಳಿವಳಿಕೆ ನೀಡಲು ದೊಡ್ಡ ಬಂಡವಾಳ ಬೇಕಿಲ್ಲ. ಒಂದು ಪಂಪು, ಒಂದು ಜೊತೆ ಟೈರ್ ಲಿವರ್, ಎರಡು ಮೂರು ಸ್ಪ್ಯಾನರ್, ಪ್ಯಾಚ್, ಸಲ್ಯೂಷನ್ ಹಾಗೂ ಎಣ್ಣೆಯ ಡಬ್ಬಿ ಇರುವ ಪೆಟ್ಟಿಗೆಯೊಂದನ್ನು ಪ್ರತಿ ಘಟಕವೂ ಗೇಟಿನ ಬಳಿ ಇಡಬಹುದು. ಬಡಾವಣೆಯ ದುರಸ್ತಿಗಾರನನ್ನೇ ತಿಂಗಳಿಗೊಂದು ಶನಿವಾರ ಸಂಜೆ ಆಹ್ವಾನಿಸಿ, ಸೂಕ್ತ ಸಂಭಾವನೆ ಕೊಟ್ಟು, ಕಾರ್ಮಿಕರಿಗೆ ಕಲಿಸುವಂತೆ ಕೋರಬಹುದು. ಹಾಗಾದಾಗ ಆತನ ವಿದ್ಯೆಗೆ ಗೌರವವೂ ಆದಾಯವೂ ದೊರೆಯುತ್ತವೆ. ಹತ್ತು ಜನರ ಘಟಕವೊಂದಕ್ಕೆ ದುಬಾರಿಯೆನಿಸಿದರೆ ಅಕ್ಕಪಕ್ಕದ ನಾಲ್ಕು ಘಟಕಗಳು ಸೇರಿ ವೆಚ್ಚವನ್ನು ಹಂಚಿಕೊಳ್ಳಲು ಅಡ್ಡಿಯಿಲ್ಲ.

ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಜೋಪಾನವಾಗಿ ಕಟ್ಟಿ ಬನ್ನಿಮರದಲ್ಲಿ ಇರಿಸಿದರು. ವರ್ಷದ ಬಳಿಕ ಕೆಳಗಿಳಿಸಿದಾಗ ಅವು ಒಡನೆಯೇ ಯುದ್ಧಕ್ಕೆ ಒದಗಿದವು. ಬನ್ನಿಯ ಹೆಸರನ್ನೇ ಹೊತ್ತ ಬಡಾವಣೆಯಲ್ಲಿ ಸೋಮವಾರದ ಮುಂಜಾನೆ ಸೈಕಲ್ಲಿನ ಚಕ್ರ ಗಾಳಿಯಿಲ್ಲದೆ ನಿಂತಿರುವುದು ಶೋಭಿಸುವುದಿಲ್ಲ.