ಬೀಗ ಹಾಕಿದ ಹಾಡು

ಬೇಲೂರಿನ ಚೆನ್ನಕೇಶವ ದೇವಾಲಯದ ಭಿತ್ತಿಯ ಮೇಲೆ ಮದ್ದಳೆ ಬಾರಿಸುವವರಿದ್ದಾರೆ, ಕೊಳಲೂದುವವರಿದ್ದಾರೆ, ತಾಳ ಹಾಕುವವರಿದ್ದಾರೆ. ೧೧೧೭ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ವಾದ್ಯಗಾರರು ಒಂಬತ್ತು ಶತಮಾನಗಳಿಂದ ನುಡಿಸುತ್ತಲೇ ಇದ್ದಾರೆ. ಆದರೆ ಅವರ ನಾದವನ್ನು ಕೇಳಿದವರೊಬ್ಬರೂ ಇಲ್ಲ. ಶಿಲ್ಪಿಯ ಉಳಿ ಭಂಗಿಯನ್ನು ಹಿಡಿದಿಟ್ಟೀತು, ದನಿಯನ್ನು ಹಿಡಿದಿಡಲಾರದು. ಶಾಂತಲೆಯ ಕಾಲದ ಸಂಗೀತ ಹೇಗಿದ್ದಿತೆಂಬುದು ಹಳೇಬೀಡಿನ ಕಲ್ಲಿಗೆ ಗೊತ್ತಿದ್ದರೂ ಅದು ಬಾಯಿ ಬಿಡುವುದಿಲ್ಲ.

ದನಿಯನ್ನು ಹಿಡಿದಿಡುವ ವಿದ್ಯೆ ಮನುಷ್ಯನಿಗೆ ಒಲಿದುದು ತೀರ ಈಚೆಗೆ. ಗ್ರಾಮಫೋನು ತಟ್ಟೆಯಲ್ಲಿ ಅದು ಸೆರೆಯಾಯಿತು. ೧೯೬೩ರಲ್ಲಿ ಫಿಲಿಪ್ಸ್ ಸಂಸ್ಥೆ ಕ್ಯಾಸೆಟ್ಟನ್ನು ಹೊರತಂದಾಗ ಅಂಗೈಗೆ ಬಂದಿತು. ೧೯೭೯ರಲ್ಲಿ ಸೋನಿಯವರ ವಾಕ್‌ಮನ್ ಅದನ್ನು ಸೊಂಟಕ್ಕೆ ಸಿಕ್ಕಿಸಿತು. ೨೦೦೧ರಲ್ಲಿ ಆಪಲ್ ಸಂಸ್ಥೆಯ ಐಪಾಡ್ ಸಾವಿರ ಹಾಡುಗಳನ್ನು ಒಂದು ಇಸ್ಪೀಟು ಕಟ್ಟಿನಷ್ಟು ಜಾಗದಲ್ಲಿ ತುಂಬಿ ಜೇಬಿಗೆ ಇಳಿಸಿತು. ಅರಸೀಕೆರೆ ಜಂಕ್ಷನ್ನಿನಲ್ಲಿ ಹಾಸನದ ಗಾಡಿಗಾಗಿ ಕಾಯುವ ಪ್ರಯಾಣಿಕನಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಯಾರು? ಆದರೆ ಆ ಸಂಭ್ರಮದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಹಾಡು ಒಳಗೆ ಹೋಯಿತು, ಸರಿ. ಹೊರಗೆ ಬರುವ ದಾರಿ ಯಾವುದು?

ಅರಸೀಕೆರೆಯಲ್ಲಿ ಒಂದು ಮನೆಯಿದೆಯೆಂದು ಭಾವಿಸಿಕೊಳ್ಳೋಣ. ಅಮೆರಿಕದಲ್ಲಿದ್ದ ಮಗ ೨೦೦೬ರಲ್ಲಿ ಬಂದಾಗ ತಂದೆಗೆ ಒಂದು ಐಪಾಡ್ ತಂದುಕೊಟ್ಟ. ಮನೆಯಲ್ಲಿದ್ದ ದಾಸರ ಪದಗಳ, ಭಾವಗೀತೆಗಳ ಸಿ.ಡಿ.ಗಳನ್ನೆಲ್ಲ ಗಣಕಯಂತ್ರದ ಮೂಲಕ ಅದರೊಳಕ್ಕೆ ಇಳಿಸಿದ; ತಾನು ಹಣ ಕೊಟ್ಟು ಕೊಂಡ ಕೆಲವು ಹಾಡುಗಳನ್ನೂ ಸೇರಿಸಿದ. ವರ್ಷಗಳು ಕಳೆದುವು. ಗಣಕಯಂತ್ರ ಕೆಟ್ಟು ಗುಜರಿಗೆ ಹೋಯಿತು, ಸಿ.ಡಿ.ಗಳು ಗೀರು ಬಿದ್ದು ಹಾಳಾದುವು, ಕೊನೆಗೆ ತಂದೆಯೂ ತೀರಿಕೊಂಡರು. ಉಳಿದುದು ಅವರು ದಿನವೂ ಸಂಜೆ ಕೇಳುತ್ತಿದ್ದ ಆ ಪುಟ್ಟ ಪೆಟ್ಟಿಗೆಯೊಂದೇ. ಮೊಮ್ಮಗಳು ಅದನ್ನು ಹೊಸ ಗಣಕಯಂತ್ರಕ್ಕೆ ತಗುಲಿಸಿದರೆ ಪರದೆಯ ಮೇಲೆ ಬರುವ ಮಾತೇನು? “ಈ ಪೆಟ್ಟಿಗೆ ಬೇರೊಂದು ಸಂಗ್ರಹಕ್ಕೆ ಸೇರಿದ್ದು; ಇದರಲ್ಲಿರುವುದನ್ನು ಅಳಿಸಿ ಹೊಸದನ್ನು ತುಂಬಲೇ?” ತಾತನ ಹಾಡನ್ನು ಉಳಿಸಲು ಬಂದವಳಿಗೆ ಅದನ್ನು ಅಳಿಸುವ ಅನುಕೂಲವನ್ನು ಮಾತ್ರ ಯಂತ್ರ ವಿನಯದಿಂದ ಒದಗಿಸುತ್ತದೆ!

ಇದು ಯಂತ್ರದ ದೋಷವಲ್ಲ, ಮಾಡಿದವರ ಉದ್ದೇಶ. ಹಾಡು ಗಣಕದಿಂದ ಪೆಟ್ಟಿಗೆಗೆ ಹೋಗಬೇಕು, ಪೆಟ್ಟಿಗೆಯಿಂದ ಇನ್ನೊಂದು ಗಣಕಕ್ಕೆ ಹೋಗಬಾರದು. ಹೋದರೆ ಒಬ್ಬ ಕೊಂಡದ್ದನ್ನು ಊರೆಲ್ಲ ಹಂಚಿಕೊಂಡೀತೆಂಬ ಭಯ. ಆದುದರಿಂದ ಐಪಾಡ್ ಹಾಡುಗಳನ್ನು ಕಣ್ಣಿಗೆ ಕಾಣದ ಕಡತದಲ್ಲಿ, ಅರ್ಥವಿಲ್ಲದ ನಾಲ್ಕು ಅಕ್ಷರಗಳ ಹೆಸರಿಟ್ಟು ಬಚ್ಚಿಡುತ್ತಿದ್ದಿತು. ಅಂಗಡಿಯಲ್ಲಿ ಕೊಂಡ ಹಾಡುಗಳಿಗೆ ಇದಲ್ಲದೆ ‘ಫೇರ್‌ಪ್ಲೇ’ ಎಂಬ ಗೂಢಲಿಪಿಯ ಬೀಗ ಬೇರೆ. ಕೊಂಡವನ ಖಾತೆಯ ಗುಪ್ತಪದವಿಲ್ಲದೆ ಅವು ಬಾಯಿ ತೆರೆಯುವುದಿಲ್ಲ, ಐದಕ್ಕಿಂತ ಹೆಚ್ಚು ಗಣಕಗಳಿಗೆ ಒಮ್ಮೆಗೆ ಅಪ್ಪಣೆಯೂ ಇಲ್ಲ. ೨೦೦೯ರಲ್ಲಿ ಆಪಲ್ ಸಂಸ್ಥೆ ತಾನು ಮಾರುವ ಹಾಡುಗಳ ಬೀಗವನ್ನು ತೆಗೆದುಹಾಕಿತು; ಆದರೆ ಮೊದಲೇ ಕೊಂಡವುಗಳ ಬೀಗ ತಾನಾಗಿ ಕಳಚಿ ಬೀಳಲಿಲ್ಲ. ೨೦೨೨ರಲ್ಲಿ ಐಪಾಡಿನ ತಯಾರಿಕೆಯೇ ನಿಂತಿತು.

ಇನ್ನೂ ವಿಚಿತ್ರವಾದುದು ಸೋನಿಯವರ ಮಿನಿಡಿಸ್ಕಿನ ಕಥೆ. ೨೦೦೧ರಲ್ಲಿ ಬಂದ ಅದರ ‘ನೆಟ್ ಎಂ.ಡಿ.’ ಯಂತ್ರಗಳನ್ನು ಗಣಕಕ್ಕೆ ಜೋಡಿಸಬಹುದಾಗಿದ್ದಿತು. ಆದರೆ ಬಳಸುವವನು ತಾನೇ ಮೈಕು ಹಿಡಿದು ಧ್ವನಿಮುದ್ರಿಸಿದುದನ್ನು ಕೂಡ ಅದರಿಂದ ಗಣಕಕ್ಕೆ ಕಳುಹಿಸುವಂತಿರಲಿಲ್ಲ. ಮದುವೆಮನೆಯಲ್ಲಿ ಅಜ್ಜಿ ಹೇಳಿದ ಹಸೆಯ ಹಾಡನ್ನು ಮೊಮ್ಮಗ ಹಿಡಿದಿಟ್ಟರೆ, ಆ ಹಾಡಿಗೆ ಯಾವ ಕಂಪೆನಿಯ ಹಕ್ಕು? ಹಕ್ಕೂ ಇಲ್ಲ, ಕಳ್ಳತನವೂ ಇಲ್ಲ; ಬೀಗ ಮಾತ್ರ ಇದೆ. ಹಿಂದೆ ಕೊರೆದ ಮಿನಿಡಿಸ್ಕುಗಳನ್ನೂ ಗಣಕಕ್ಕೆ ವರ್ಗಾಯಿಸಬಲ್ಲ ಯಂತ್ರವನ್ನು ಸೋನಿಯವರು ಹೊರತಂದುದು ೨೦೦೬ರಲ್ಲಿ.

ಬೀಗದ ಕೈ ಅಂಗಡಿಯವನ ಬಳಿಯೇ ಇದ್ದರೆ ಅಂಗಡಿ ಮುಚ್ಚಿದ ದಿನ ಗತಿಯೇನು? ೨೦೦೮ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ, ತನ್ನ ಎಂ.ಎಸ್.ಎನ್. ಮ್ಯೂಸಿಕ್ ಅಂಗಡಿಯಲ್ಲಿ ಕೊಂಡ ಹಾಡುಗಳಿಗೆ ಹೊಸ ಗಣಕಗಳಲ್ಲಿ ಅಪ್ಪಣೆ ಕೊಡುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಗಿರಾಕಿಗಳು ಕೂಗೆಬ್ಬಿಸಿದ ಮೇಲೆ ಗಡುವನ್ನು ಮುಂದೂಡಿತು. ಹಣ ಕೊಟ್ಟವರೆಲ್ಲ ಹೀಗೆ ಪರದಾಡುತ್ತಿದ್ದ ಕಾಲದಲ್ಲಿಯೇ, ಊರೂರಿನ ಮೊಬೈಲ್ ಅಂಗಡಿಗಳಲ್ಲಿ ಅಲ್ಪಸ್ವಲ್ಪ ಕೊಟ್ಟು ಮೆಮೊರಿ ಕಾರ್ಡಿಗೆ ಕದ್ದ ಹಾಡುಗಳನ್ನು ತುಂಬಿಸಿಕೊಂಡವರಿಗೆ ಯಾವ ಬೀಗವೂ ಅಡ್ಡ ಬರಲಿಲ್ಲ. ಕಳ್ಳನಿಗೆ ಹಾಕಿದ ಬೀಗ ಮನೆಯ ಯಜಮಾನನನ್ನೇ ಹೊರಗೆ ನಿಲ್ಲಿಸಿತು.

ಕನ್ನಡನಾಡಿನ ಹಳೆಯ ರೀತಿ ಬೇರೆಯೇ ಇದ್ದಿತು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಪ್ರತಿ ಮಾಡಿಸುವುದೇ ಪುಣ್ಯ. ಏಕೆಂದರೆ ಓಲೆಗರಿ ಹುಳು ಹಿಡಿಯುತ್ತದೆಂಬುದು ಆಕೆಗೆ ಗೊತ್ತಿದ್ದಿತು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ೧೯೩೬ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನದ ಮೂಲಶಿಲೆ ಊರು ಬಿಟ್ಟು ಹೋಯಿತು. ಇಂದು ಅಲ್ಲಿ ನಿಂತಿರುವುದು ಅದರ ಪ್ರತಿಕೃತಿ. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಅಚ್ಚು ಹಾಕಿಸಿದರು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಬಡಿದು, ಮಸಿ ಸವರಿ, ಅಕ್ಷರಗಳ ಅಚ್ಚನ್ನು ತೆಗೆಯುವುದು ಶಾಸನಶೋಧಕರ ಪದ್ಧತಿ. ಶಾಸನಗಳ ಕೊನೆಯಲ್ಲಿ ಶಾಪವಾಕ್ಯ ಇರುವುದುಂಟು. ಆದರೆ ಆ ಶಾಪ ದತ್ತಿಯನ್ನು ಕೆಡಿಸಿದವನಿಗೆ, ಪ್ರತಿ ಮಾಡಿಕೊಂಡವನಿಗಲ್ಲ. ಇಂದಿನ ಬೀಗ ಇದನ್ನು ತಲೆಕೆಳಗು ಮಾಡಿದೆ: ಅಳಿಸುವವನಿಗೆ ದಾರಿ ಬಿಟ್ಟು, ಉಳಿಸುವವನನ್ನು ತಡೆಯುತ್ತದೆ.

ಹಾಗೆಂದು ಹಾಡುಗಾರನ ಹಕ್ಕು ಹಕ್ಕಲ್ಲವೇ? ಹಾಡಿದವರು, ಬರೆದವರು, ರಾಗ ಹಾಕಿದವರು ಅದರಿಂದಲೇ ಬದುಕಬೇಕು. ಪ್ರತಿಗಳನ್ನು ಮಾಡಿ ಮಾರುವುದು ಅವರ ಅನ್ನಕ್ಕೆ ಕೈಹಾಕಿದಂತೆ. ಭಾರತದ ಕಾನೂನು ಈ ಎರಡನ್ನೂ ತೂಗಿ ನೋಡಿದೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೨ನೆಯ ಕಲಮು, ೨೦೧೨ರ ತಿದ್ದುಪಡಿಯ ನಂತರ, ಗಣಕದ ಕ್ರಮವಿಧಿಗಳನ್ನುಳಿದು ಯಾವುದೇ ಕೃತಿಯನ್ನು ಸ್ವಂತದ ಉಪಯೋಗಕ್ಕಾಗಿ ನ್ಯಾಯವಾದ ರೀತಿಯಲ್ಲಿ ಬಳಸುವುದು ಉಲ್ಲಂಘನೆಯಲ್ಲವೆಂದು ಹೇಳುತ್ತದೆ. ಅದೇ ತಿದ್ದುಪಡಿ ತಂದ ೬೫ಎ ಕಲಮಿನಂತೆ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದವನಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಕಾಯಿದೆ ಸ್ಪಷ್ಟವಾಗಿ ನಿಷೇಧಿಸದ ಕಾರ್ಯಕ್ಕಾಗಿ ಒಡೆದವನನ್ನು ಆ ಕಲಮು ತಡೆಯುವುದಿಲ್ಲ. ಇಂಥ ಕೆಲಸಕ್ಕೆ ನೆರವಾದವನು ಮಾತ್ರ, ಮಾಡಿಸಿಕೊಂಡವನ ಹೆಸರು, ವಿಳಾಸ, ಉದ್ದೇಶಗಳನ್ನು ಬರೆದಿಡಬೇಕು. ಉದ್ದೇಶವೇ ಇಲ್ಲಿ ಮುಖ್ಯ. ತಾತನ ಹಾಡನ್ನು ಮನೆಯಲ್ಲಿಯೇ ಕೇಳುವುದು ಒಂದು, ಅದನ್ನು ಸಂತೆಯಲ್ಲಿ ಮಾರುವುದು ಇನ್ನೊಂದು.

ಆದುದರಿಂದ ಬೀರುವಿನ ಮೂಲೆಯಲ್ಲಿ ಹಳೆಯ ಪೆಟ್ಟಿಗೆಯಿರುವ ಮನೆಯವರು ಕೆಲಸವನ್ನು ನಾಳೆಗೆ ನೂಕಬಾರದು. ಗಣಕ “ಅಳಿಸಲೇ?” ಎಂದು ಕೇಳಿದಾಗ ಬೇಡವೆನ್ನುವುದೇ ಮೊದಲ ಹೆಜ್ಜೆ. ಹಳೆಯ ಬಗೆಯ ಐಪಾಡ್ ಆಗಿದ್ದರೆ, ಅಡಗಿಸಿಟ್ಟ ಕಡತಗಳನ್ನು ತೋರಿಸುವಂತೆ ಗಣಕವನ್ನು ಹೊಂದಿಸಿದರೆ ಹಾಡುಗಳು ಕಣ್ಣಿಗೆ ಬೀಳುತ್ತವೆ. ಹೆಸರು ಅರ್ಥವಿಲ್ಲದ್ದಾದರೂ ಚಿಂತೆಯಿಲ್ಲ. ಹಾಡಿನ ಹೆಸರು, ಹಾಡಿದವರ ಹೆಸರು ಸಾಮಾನ್ಯವಾಗಿ ಕಡತದೊಳಗೇ ಇರುತ್ತವೆ. ಸಿ.ಡಿ.ಯಿಂದ ಬೀಗವಿಲ್ಲದೆ ಇಳಿಸಿದ ಹಾಡುಗಳು ಹಾಗೆಯೇ ಹಾಡುತ್ತವೆ. ಬೀಗವಿರುವವುಗಳಿಗೆ ಕೊಂಡವರ ಗುಪ್ತಪದ ಬೇಕು. ಅದನ್ನು ಬಲ್ಲವರು ಬದುಕಿರುವಾಗಲೇ ಕೇಳಿ ಬರೆದಿಡುವುದು ಮೇಲು. ಏನೂ ಸಾಧ್ಯವಾಗದಿದ್ದರೆ, ಪೆಟ್ಟಿಗೆಯ ಇಯರ್‌ಫೋನ್ ತೂತಿನಿಂದ ಗಣಕಕ್ಕೆ ತಂತಿಯೆಳೆದು ಹಾಡಿಸುತ್ತಲೇ ಮತ್ತೆ ಧ್ವನಿಮುದ್ರಿಸಬಹುದು. ಸ್ವಲ್ಪ ಇಂಪು ಕಡಮೆಯಾದೀತು, ಹಾಡು ಉಳಿದೀತು. ಆಮೇಲೆ ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಕ್ಕಳ ಬಳಿ ಇರಲಿ.

ಎಲ್ಲಕ್ಕಿಂತ ಮೊದಲು ಇಳಿಸಬೇಕಾದುದು ಅಂಗಡಿಯಲ್ಲಿ ಮತ್ತೆ ಸಿಕ್ಕದ ದನಿಗಳನ್ನು. ಸಿನಿಮಾದ ಹಾಡನ್ನು ಇನ್ನೊಮ್ಮೆ ಕೊಳ್ಳಬಹುದು. ಅಜ್ಜಿಯ ಹಸೆಯ ಹಾಡು ಪೆಟ್ಟಿಗೆಯೊಳಗೇ ಸತ್ತರೆ, ಬೇಲೂರಿನ ಮದ್ದಳೆಗಾರರ ಹಾಗೆ ಅಜ್ಜಿಯ ಚಿತ್ರವೊಂದು ಗೋಡೆಯ ಮೇಲೆ ಬಾಯಿ ತೆರೆದು ನಿಂತೀತು, ದನಿ ಮಾತ್ರ ಕೇಳಿಸದು.